ಹುಲ್ಲಿನೊಳಗಿನ ಸಕ್ಕರೆ

ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಎಷ್ಟೋ ವರ್ಷ ಗಾಜಿನ ಸಾಮಾನು ತೊಳೆದುಕೊಂಡು, ಬೇರೆಯವರ ಪ್ರಯೋಗಕ್ಕೆ ತೂಕ ಹಾಕಿಕೊಂಡು ಇದ್ದವಳು. ಹುಲ್ಲಿನಿಂದ ಇಂಧನ ತಯಾರಿಸುವ ಯೋಜನೆ ಬಂದಾಗ ಮೊದಲ ಸಲ ಒಂದು ಕೆಲಸವನ್ನು ಪೂರ್ತಿ ನನ್ನ ಕೈಗೆ ಕೊಟ್ಟರು.

ಹುಲ್ಲಿನ ನಾರಿನೊಳಗೆ ಸಕ್ಕರೆ ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ಒಣಗಿಸಿ ಪುಡಿ ಮಾಡಿ, ಕ್ಷಾರದಲ್ಲಿ ಬೇಯಿಸಿ ತೊಳೆದು, ಕಿಣ್ವ ಬೆರೆಸಿ ಬೆಚ್ಚಗಿಟ್ಟರೆ ಅದು ಬಿಡಿಸಿಕೊಂಡು ನೀರಿಗಿಳಿಯುತ್ತದೆ. ಆ ನೀರಿಗೆ ಯೀಸ್ಟ್ ಹಾಕಿ ಹುದುಗಿಸಿದರೆ ಎಥನಾಲ್, ಅದೇ ಇಂಧನ. ಸಕ್ಕರೆ ಎಷ್ಟು ಬಂತೆಂದು ತಿಳಿಯಲು, ಯೀಸ್ಟ್ ಹಾಕುವ ಮುಂಚೆ ಆ ನೀರನ್ನು ಸ್ವಲ್ಪ ತೆಗೆದು, ಅದಕ್ಕೊಂದು ಹಳದಿ ದ್ರಾವಣ ಸೇರಿಸಿ ಕುದಿಸುತ್ತೇವೆ. ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಕೆಂಪಗಾಗುತ್ತದೆ. ಮೂರು ವಾರ ಕಳೆದರೂ ನನ್ನ ಗಾಜಿನ ಕೊಳವೆಗಳು ತೆಳು ಕಿತ್ತಳೆ ಬಣ್ಣ ದಾಟಲಿಲ್ಲ.

ಒಂದು ಸಂಜೆ ಉಳಿದ ಹುಲ್ಲಿನ ಕಂತೆಯನ್ನು ಯಲಹಂಕದ ಹತ್ತಿರ ಕೋಗಿಲಿನಲ್ಲಿರುವ ನಮ್ಮ ಮನೆಗೆ ತಂದೆ. ಸುತ್ತ ಅಪಾರ್ಟ್‌ಮೆಂಟ್ ಎದ್ದರೂ ಅಮ್ಮ ತನ್ನ ಎರಡು ಹಸು ಸಾಕುವುದನ್ನು ಬಿಟ್ಟಿರಲಿಲ್ಲ. ಅವಳು ಒಂದು ಕಡ್ಡಿ ಲಟಕ್ಕನೆ ಮುರಿದು ನೋಡಿದಳು.

"ಊ ಬಿಟ್ಟು ಬಲ್ತೋಗೈತೆ ಕಣೆ. ಅಸು ಮೂಸೂ ನೋಡಲ್ಲ."

"ಎತ್ತರ ಬೆಳೆದಿತ್ತಲ್ಲಮ್ಮ, ಜಾಸ್ತಿ ಸಿಗುತ್ತೆ ಅಂತ..."

"ಏನ್ ಸಿಗ್ತದೆ, ಸೌದೆ! ಊ ಬರೋಕ್ ಮುಂಚೆ ಕುಯ್ಯಬೇಕು."

ನಾನೂ ಒಂದು ಕಡ್ಡಿ ಎಳೆದು ಮುರಿದೆ. ಹುಲ್ಲು ಬಲಿತಷ್ಟೂ ಸಕ್ಕರೆಯನ್ನು ಹಿಡಿದಿಡುವ ಮರದಂಥ ಅಂಶ ಹೆಚ್ಚುತ್ತದೆ ಎಂದು ನಾನೂ ಓದಿದ್ದೆ. ಕಣ್ಣೆದುರಿನ ಕಂತೆಯನ್ನು ಮಾತ್ರ ಅಲ್ಲಿಯವರೆಗೆ ಒಮ್ಮೆಯೂ ಮುರಿದು ನೋಡಿರಲಿಲ್ಲ.

ಮರುದಿನ ಅಳುಕುತ್ತಲೇ ನಮ್ಮ ವಿಜ್ಞಾನಿ ಮೇಡಂ ಹತ್ತಿರ ಹೋದೆ. "ಮೇಡಂ, ಎಳೇ ಹುಲ್ಲಲ್ಲಿ ಒಂದ್ಸಲ ಮಾಡಿ ನೋಡ್ಲಾ?"

"ಯಾರ್ ಹೇಳಿದ್ರು?"

"ನಮ್ಮಮ್ಮ."

ಅವರು ನಕ್ಕರು, ಹಗುರ ಮಾಡಿ ಅಲ್ಲ. "ಮಾಡಿ. ಆದ್ರೆ ಬಲಿತಿದ್ದನ್ನೂ ಪಕ್ಕದಲ್ಲೇ ಇಟ್ಟು ಮಾಡಿ. ಯಾರೂ ಬೆರಳು ತೋರಿಸಬಾರದು."

ಆ ಕಂತೆ ಕೊಯ್ದಿದ್ದ ತುಂಡು ಹೊಲದಲ್ಲೇ ಮತ್ತೆ ಚಿಗುರಿದ ಹುಲ್ಲನ್ನು ಹೂ ಬರುವ ಮುಂಚೆ ನಾನೇ ಕೊಯ್ದೆ. ಪ್ರತಿ ಹಂತದಲ್ಲೂ ಎರಡನ್ನೂ ಜೊತೆಜೊತೆಗೆ ನಡೆಸಿದೆ. ಕೊನೆಗೆ ಕುದಿಯುವ ನೀರಿನಿಂದ ಕೊಳವೆಗಳನ್ನು ಎತ್ತಿದಾಗ ಒಂದು ಸಾಲು ಎಂದಿನಂತೆ ಕಿತ್ತಳೆ, ಇನ್ನೊಂದು ಇಟ್ಟಿಗೆಗೆಂಪು. ನಂಬಿಕೆಯಾಗದೆ ಇನ್ನೆರಡು ಸಲ ಮಾಡಿದೆ. ಮೂರು ಸಲವೂ ಕೆಂಪೇ.

"ವರದಿಯಲ್ಲಿ ನಿಮ್ಮ ಹೆಸರೂ ಇರುತ್ತೆ. ಅಮ್ಮನ್ನ ಒಂದಿನ ಕರ್ಕೊಂಡ್ ಬನ್ನಿ" ಎಂದರು ಮೇಡಂ.

ಅಮ್ಮ ಬಂದಳು. ಸೆರಗಿಗೆ ಕೈ ಒರೆಸಿ, ಮುಚ್ಚಿದ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೇನಾ ಸಕ್ರೆ? ನೆಕ್ಬೋದಾ?"

"ಅಯ್ಯೋ, ಅದ್ರಲ್ಲಿ ಔಷಧಿ ಇದೆ ಕಣಮ್ಮ!" ಎಂದು ಕಿತ್ತುಕೊಂಡೆ. ಮೇಡಂ ಜೋರಾಗಿ ನಕ್ಕರು.

ವಾಪಸ್ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಅಮ್ಮ ಹೇಳತೊಡಗಿದಳು: "ನಮ್ ಉಡ್ಗಿ ಉಲ್ಲಿಂದ ಸಕ್ರೆ ತೆಗೀತಾಳೆ. ಅದ್ರಲ್ಲಿ ಗಾಡಿ ಓಡ್ತದೆ." ಬೇಯಿಸುವುದು, ತೊಳೆಯುವುದು, ಕುದಿಸುವುದು ಎಲ್ಲವನ್ನೂ ಹಿಂದುಮುಂದಾಗಿ ವಿವರಿಸಿದಳು. ನಾನು ತಿದ್ದಲಿಲ್ಲ. ಯಲಹಂಕ ಬರುವವರೆಗೂ ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿಸಿಕೊಂಡೆ.