ರಟ್ಟು, ದಾರ, ಶುಭಾಶಯ

ಎಡಗೈ ಮುರಿದುಕೊಳ್ಳದೇ ಇದ್ದಿದ್ದರೆ ನಾನು ಶುಭಾಶಯದ ಕಾರ್ಡು ಮಾಡುವ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಮಗ್ಗದ ಮನೆ. ಮುಂದೆ ವಾಸ, ಹಿಂದೆ ಶೀಟಿನ ಶೆಡ್ಡಿನಲ್ಲಿ ಪವರ್‌ಲೂಮ್. ಎರಡು ಮಗ್ಗಗಳಿಗೆ ಹೊಸದಾಗಿ, ಸೀರೆಯ ಡಿಸೈನ್ ಮೂಡಿಸುವ ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿದ ವಾರ, ಹಳೆಯ ಜಕಾರ್ಡಿನ ಪಟ್ಟಿಗಳನ್ನು ಇಳಿಸಲು ಏಣಿ ಹತ್ತಿದ್ದೆ. ಪಟ್ಟಿ ಎಂದರೆ ಮೊಳದುದ್ದದ, ನಾಲ್ಕು ಬೆರಳಗಲದ ರಟ್ಟು. ಅದರ ತುಂಬ ತೂತುಗಳು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಮಗ್ಗಕ್ಕೆ ಹೇಳುವುದು ಆ ತೂತುಗಳೇ. ಅಂಥ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದು, ಹಾರದಂತೆ ಮಗ್ಗದ ತಲೆಯ ಮೇಲೆ ನೇತುಹಾಕಿರುತ್ತೇವೆ. ಆ ಹಾರವನ್ನು ಹೆಗಲ ಮೇಲೆ ಹೊತ್ತು ಇಳಿಯುವಾಗ ಏಣಿ ಜಾರಿತು. ಪಟ್ಟಿಗಳಿಗೆ ಏನೂ ಆಗಲಿಲ್ಲ. ನನ್ನ ಮಣಿಕಟ್ಟು ಮುರಿಯಿತು.

ಆರು ವಾರ ಪ್ಲಾಸ್ಟರ್. ಮಗ್ಗಗಳನ್ನು ನನ್ನ ಹೆಂಡತಿಯೂ ಕೆಲಸಕ್ಕೆ ಬರುವ ಒಬ್ಬ ಹೆಂಗಸೂ ನೋಡಿಕೊಂಡರು. ನಾನು ಮುಂದಿನ ಜಗುಲಿಯಲ್ಲಿ ಕೂತು ಬೀದಿ ನೋಡಿದೆ. ಮೂರನೆಯ ದಿನಕ್ಕೆ ಬೀದಿಯಲ್ಲಿ ನೋಡುವಂಥದ್ದು ಏನೂ ಉಳಿಯಲಿಲ್ಲ. ಇಳಿಸಿದ ಪಟ್ಟಿಗಳನ್ನು ಹೆಂಡತಿ ಗುಜರಿಗೆ ಹಾಕಲು ನನ್ನ ಪಕ್ಕದಲ್ಲೇ ಗುಡ್ಡೆ ಹಾಕಿದ್ದಳು. ಬಿ.ಎಡ್ ಓದುತ್ತಿದ್ದ ಮಗಳ ಪಾಠೋಪಕರಣದ ಪೆಟ್ಟಿಗೆಯೂ ಅಲ್ಲೇ ಇತ್ತು. ಅದರಲ್ಲಿ ಕತ್ತರಿ, ಗೋಂದು, ಬಣ್ಣದ ಪೆನ್ನು. ಒಂದು ಪಟ್ಟಿಯನ್ನು ಬಿಡಿಸಿ ತೆಗೆದು ಸುಮ್ಮನೆ ಮಧ್ಯಕ್ಕೆ ಮಡಿಸಿದೆ. ಗೇಣುದ್ದದ ಕಾರ್ಡಿನಂತೆ ಕಂಡಿತು.

ಅವತ್ತು ಸಂಜೆ ಮಗಳು ಕಾಲೇಜಿನಿಂದ ಬಂದು ಅದನ್ನು ನೋಡಿದಳು. "ಅಪ್ಪ, ಬರೋ ಸೋಮವಾರ ನಿಮ್ಮ ಮದ್ವೆ ದಿನ, ಗೊತ್ತಾ? ಅಮ್ಮಂಗೆ ಇದ್ರಲ್ಲೇ ಒಂದ್ ಕಾರ್ಡ್ ಮಾಡ್ಕೊಡು."

"ಅದೆಲ್ಲ ಯಾಕೆ? ಅವ್ಳು ನಕ್ಕುಬಿಡ್ತಾಳೆ."

"ನಗ್ಲಿ ಬಿಡು, ಒಳ್ಳೇದೇ."

ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಒಂದು ವರ್ಷವೂ ನಾನು ಆ ದಿನವನ್ನು ನೆನಪಿಟ್ಟವನಲ್ಲ. ಮಾರನೆಯ ದಿನ ಪಟ್ಟಿ ಜರುಗದಂತೆ ಅದರ ಮೇಲೆ ರುಬ್ಬುವ ಗುಂಡು ಹೇರಿ, ಸೂಜಿಗೆ ವೇಸ್ಟ್ ರೇಷ್ಮೆ ಪೋಣಿಸಿ, ಒಂದೇ ಕೈಯಲ್ಲಿ ತೂತುಗಳ ಮೂಲಕ ಎಳೆಯತೊಡಗಿದೆ. ಹಸಿರಲ್ಲಿ ಒಂದು ಬಳ್ಳಿ, ಕೆಂಪಲ್ಲಿ ನಾಲ್ಕು ಹೂವು. ಒಳಗೆ ಬಿಳಿ ಹಾಳೆ ಅಂಟಿಸಿದೆ. ಇಷ್ಟಕ್ಕೆ ಒಂದು ದಿನ ಹಿಡಿಯಿತು. ಏನು ಬರೆಯುವುದು ಎಂಬುದಕ್ಕೆ ಎರಡು ದಿನ.

ನಮ್ಮ ಮನೆಯಲ್ಲಿ ಮಾತು ಎಂದರೆ ಕೂಗು. ಇಷ್ಟು ವರ್ಷ ಮಗ್ಗದ ಸದ್ದಿನಲ್ಲೇ ಇದ್ದು ನನ್ನ ಕಿವಿ ಅರ್ಧ ಹೋಗಿದೆ. ಊಟ ಆಯ್ತಾ, ನೂಲು ಬಂತಾ, ಕರೆಂಟ್ ಬಂತಾ ಎಂಬುದನ್ನು ಬಿಟ್ಟು ಬೇರೇನನ್ನೂ ಕೂಗಿ ಹೇಳಲು ಆಗುವುದಿಲ್ಲ. ಬರೆಯಲು ಕೂತಾಗ ನನಗೆ ಕಣ್ಣಮುಂದೆ ಬಂದದ್ದು ಅವಳ ಬೆರಳುಗಳು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯವುಗಳ ತುದಿಗೆ ಒಂದೊಂದಾಗಿ ಗಂಟು ಹಾಕಿ ಸೇರಿಸಬೇಕು. ಸಾವಿರಾರು ಎಳೆಗಳು. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ಅವಳದೇ. ಕೊನೆಗೆ ಹೀಗೆ ಬರೆದೆ: "ನಾನು ನಿನಗೆ ಹಾಕಿದ್ದು ಮೂರು ಗಂಟು. ನೀನು ಈ ಮನೆಗೆ ಹಾಕಿದ್ದು ಲೆಕ್ಕವಿಲ್ಲದಷ್ಟು."

ಶುಭ ಎಂದುಕೊಂಡು ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚಿದೆ. ಅದೇ ತಪ್ಪಾಯಿತು. ಟಿ.ವಿ. ಪಕ್ಕದಲ್ಲಿಟ್ಟ ಕಾರ್ಡನ್ನು ಅವಳು ಭಾನುವಾರವೇ ನೋಡಿದಳು. ಒಳಗಿನಿಂದ ಏನೋ ಕೂಗಿದಳು. ನನಗೆ ಕೇಳಿಸಿದ್ದು ಕೊನೆಯ "ಎಲ್ಲಿಡ್ಲಿ" ಮಾತ್ರ. "ಎಲ್ಲಾದ್ರೂ ಜೋಪಾನವಾಗಿ ಇಡೇ" ಎಂದೆ. ಅವಳು ಅದನ್ನು ಬಿಚ್ಚದೆ, ಕ್ಯಾಲೆಂಡರಿನ ಹಿಂದೆ ಲಗ್ನಪತ್ರಿಕೆಗಳನ್ನು ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಿದಳು.

ಸೋಮವಾರ ಮಧ್ಯಾಹ್ನದವರೆಗೂ ಅವಳು ಏನೂ ಹೇಳಲಿಲ್ಲ. ಹಿಡಿಸಲಿಲ್ಲವೇನೋ ಎಂದು ನಾನು ಮುದ್ದೆ ಮುರಿಯುತ್ತ ತಲೆ ತಗ್ಗಿಸಿ ಕೂತಿದ್ದೆ. ಆಗ ಅವಳೇ ಅಂದಳು, "ಅದ್ಯಾರ್ದೋ ಪತ್ರಿಕೆ ಬಂದಿತ್ತಲ್ಲ ರೀ, ಮದ್ವೆ ಯಾವತ್ತು? ಹೋಗ್ದಿದ್ರೆ ಬೇಜಾರ್ ಮಾಡ್ಕೊಂತಾರೆ."

ನನಗೆ ಆಗ ಅರ್ಥವಾಯಿತು. "ಮದ್ವೆ ಆಗೋಗಿದೆ ಕಣೇ."

"ಆಗೋಯ್ತಾ? ಯಾರ್ದು?"

"ನಮ್ದು."

ಅವಳು ಎದ್ದು ಹೋಗಿ ಕಾರ್ಡು ತಂದಳು, ಬಿಚ್ಚಿದಳು, ನಿಂತಲ್ಲೇ ಓದಿದಳು. ಆಮೇಲೆ ಶೆಡ್ಡಿಗೆ ಹೋದಳು. ನಾಲ್ಕೂ ಮಗ್ಗ ನಿಂತವು. ವಾಪಸ್ ಬಂದು ನನ್ನೆದುರು ಕೂತು, "ಕೂಗಿ ಹೇಳೋ ಮಾತಲ್ಲ, ಅದಕ್ಕೇ ಆಫ್ ಮಾಡ್ದೆ" ಎಂದಳು. ಕಣ್ಣೊರೆಸಿಕೊಂಡು, ಕಾರ್ಡನ್ನು ತಿರುಗಿಸಿ ನೋಡಿ, "ಬರ್ದಿರೋದು ಚೆನ್ನಾಗಿದೆ. ದಾರದ ಗಂಟು ಮಾತ್ರ ಸರಿಯಾಗಿ ಬಿದ್ದಿಲ್ಲ" ಎಂದಳು. ಸಡಿಲವಾಗಿದ್ದ ಒಂದೆರಡನ್ನು ಅಲ್ಲೇ ಬಿಚ್ಚಿ ಬಿಗಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಗೆಳೆಯ ಕಾಂಪೌಂಡಿನ ಮೇಲಿಂದ ತಲೆ ಹಾಕಿದ. ಅವನೂ ನಾನೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು, ಅವನದೂ ಮಗ್ಗದ ಮನೆ. "ನಿಮ್ಮನೇಲಿ ಮಾತ್ರ ಕರೆಂಟ್ ಹೋಯ್ತಾ ಗುರು?" ಎಂದವನು ಕಾರ್ಡು ಕಂಡು ಒಳಗೇ ಬಂದ. ಓದಿ ಅರ್ಧ ಗಂಟೆ ನಕ್ಕ. "ಈ ವಯಸ್ಸಲ್ಲಿ ಏನ್ ಕಣೋ ಇದು, ಕಾಲೇಜ್ ಹುಡುಗ್ರ ತರ."

"ನೀವೂ ಒಂದ್ ಬರ್ದು ನೋಡಿ ಅಣ್ಣ," ಎಂದಳು ನನ್ನ ಹೆಂಡತಿ. ಅವನು ನಗು ನಿಲ್ಲಿಸಿ ಕಾಫಿ ಕುಡಿದು ಹೋದ.

ಅಲ್ಲಿಂದ ಅವಳೂ ನನ್ನ ಜೊತೆಗೆ ಕೂತಳು. ಗುಜರಿಯವನು ಎರಡು ಸಲ ಬಂದು ಬರಿಗೈಯಲ್ಲಿ ಹೋದ. ನೆಲಮಂಗಲದ ಕಡೆ ಹೊಸ ಮನೆ ಕಟ್ಟಿದ ಅವಳ ಅಕ್ಕನಿಗೆ ಗೃಹಪ್ರವೇಶದ ಕಾರ್ಡು, ನಮ್ಮ ತಾಲ್ಲೂಕಿನದೇ ಆದ ಮಧುರೆಯಲ್ಲಿರುವ ನನ್ನ ತಂಗಿಯ ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಒಂದು, ಮಗಳ ಗೆಳತಿಯೊಬ್ಬಳು ಮದುವೆಯಾಗಿ ಹಿಂದೂಪುರದಲ್ಲಿದ್ದಾಳೆ, ಅವಳ ಸೀಮಂತಕ್ಕೊಂದು. ಪ್ಲಾಸ್ಟರ್ ಬಿಚ್ಚಿದ ದಿನ ಆಸ್ಪತ್ರೆಯ ನರ್ಸಮ್ಮನಿಗೂ ಒಂದು. ದಾರದ ಬಣ್ಣ ಆರಿಸುವುದು ನಾನು, ಗಂಟು ಅವಳದು, ಮಾತು ಇಬ್ಬರದೂ. ಮಾತಿನ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು. ತಂಗಿಯ ಮಗಳ ಕಾರ್ಡಿನಲ್ಲಿ "ಹಾರ್ದಿಕ ಶುಭಾಶಯಗಳು" ಎಂದು ಬರೆದಿದ್ದೆ. "ಅದು ಫ್ಲೆಕ್ಸಲ್ಲಿ ಬರೆಯೋದು ರೀ. ಆ ಹುಡುಗಿ ನಮ್ಮೆದ್ರಿಗೇ ಕೂತಿದ್ದಾಳೆ ಅಂದ್ಕೊಂಡು ಬರೀರಿ" ಎಂದು ಹಾಳೆ ಕಿತ್ತು ಬೇರೆ ಅಂಟಿಸಿದಳು. ಕೊನೆಗೆ ಬರೆದದ್ದು ಇಷ್ಟು: "ಗಣಿತದಲ್ಲಿ ಪಾಸಾದೆಯಂತೆ. ನಿಮ್ಮಪ್ಪ ಆಗಿರಲಿಲ್ಲ. ನಮಗೆಲ್ಲ ಬಹಳ ಖುಷಿ."

ಎರಡು ತಿಂಗಳ ಮೇಲೆ ಗೆಳೆಯ ಒಂದು ಸಂಜೆ ಬಂದು, ಮಾತು ಎಲ್ಲೆಲ್ಲೋ ಸುತ್ತಿಸಿ, ಅವನ ತಾಯಿಗೆ ಎಂಬತ್ತು ತುಂಬುವ ಸಂಗತಿ ಹೇಳಿದ. "ನಮ್ಮವ್ವಂಗೂ ಒಂದು ಮಾಡಪ್ಪ. ಆದ್ರೆ ಅವಳಿಗೆ ಓದಕ್ಕೆ ಬರಲ್ಲ. ಕಣ್ಣೂ ಅಷ್ಟಕ್ಕಷ್ಟೆ."

ಆ ತಾಯಿಯನ್ನು ನಾನೂ ಅವ್ವ ಎಂದೇ ಕರೆಯುವುದು. ಅವರ ಮನೆಗೆ ಸ್ವಂತ ಮಗ್ಗ ಬರುವ ಮುಂಚೆ ಅವ್ವ ನಮ್ಮಪ್ಪನ ಮಗ್ಗದಲ್ಲಿ ನೇಯುತ್ತಿದ್ದರು. ಓದಲಾಗದವರಿಗೆ ಬೆರಳಿಗೆ ಸಿಗುವಂಥ ಕಾರ್ಡೇ ಆಗಬೇಕೆಂದು ನಾವಿಬ್ಬರೂ ಕೂತು ಯೋಚಿಸಿದೆವು. ದಪ್ಪ ಜರಿ ದಾರದಲ್ಲಿ ರುದ್ರಾಕ್ಷಿ ಅಂಚು ಎಳೆದೆವು. ಸಾಲಾಗಿ ಉಬ್ಬಿದ ಸಣ್ಣ ಮಣಿಗಳು, ಅವುಗಳ ಎರಡೂ ಬದಿಗೆ ಒಂದೊಂದು ಗೆರೆ. ಒಳಗೆ ಏನೂ ಬರೆಯಲಿಲ್ಲ.

ಹುಟ್ಟುಹಬ್ಬದ ದಿನ ಅವ್ವ ಗೋಡೆಗೊರಗಿ ಕೂತಿದ್ದರು. ಕಾರ್ಡನ್ನು ಕೈಗಿಟ್ಟೆ. ಹೆಬ್ಬೆರಳಲ್ಲಿ ಆ ತುದಿಯಿಂದ ಈ ತುದಿಗೆ ಸವರಿದರು.

"ರುದ್ರಾಕ್ಷಿ. ನಿಮ್ಮಪ್ಪನ ಮಗ್ಗದ್ದು. ಜೋಡಿ ಗೆರೆ ಅದ್ರಲ್ಲೇ ಬರ್ತಿದ್ದಿದ್ದು."

"ಹೂಂ ಅವ್ವ, ಅದೇ."

ಅವ್ವ ಕಾರ್ಡನ್ನು ಬಿಚ್ಚಿ ಒಳಗೆಲ್ಲ ತಡವಿದರು. ಹಿಂಬದಿಯನ್ನೂ ಸವರಿದರು. "ಅಂಚು ಬಂತು. ಸೀರೆ ಎಲ್ಲಿ ಮಗ?"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಗೆಳೆಯ ಒಳಗೆ ಹೋಗಿ ತನ್ನ ಮಗ್ಗದಲ್ಲಿ ನೇಯ್ದ ಹೊಸ ಸೀರೆ ತಂದು ತೊಡೆಯ ಮೇಲಿಟ್ಟ. ಅವರು ಅಂಚನ್ನು ಸವರಿ ಪಕ್ಕಕ್ಕಿಟ್ಟರು. "ಇದಲ್ಲ ಕಣ್ಲಾ. ಮೂವತ್ತು ವರ್ಷ ಅದನ್ನ ನೇಯ್ದೆ, ಒಂದ್ ದಿನ ಉಡಲಿಲ್ಲ. ನೇಯ್ದಿದ್ದೆಲ್ಲ ಅಂಗಡಿಗೇ ಹೋಗ್ತಿತ್ತು."

ಆಚೆ ಬಂದ ಮೇಲೆ ಗೆಳೆಯ ನನ್ನ ಭುಜ ಹಿಡಿದ. "ಆ ರುದ್ರಾಕ್ಷಿ ಅಂಚಿನ ಪಟ್ಟಿ ಸೆಟ್ ನಿನ್ ಹತ್ರ ಇದ್ಯಲ್ವಾ? ನಮ್ಮನೇಲಿ ಇನ್ನೂ ಒಂದು ಹಳೇ ಜಕಾರ್ಡ್ ಓಡ್ತಿದೆ. ಹಾಕಿ ನೇಯ್ದುಬಿಡ್ತೀನಿ."

ಸೆಟ್ ಇತ್ತು, ಪೂರ್ತಿ ಇರಲಿಲ್ಲ. ಮೂವತ್ತೆರಡು ಪಟ್ಟಿಗಳ ಆ ಸೆಟ್ಟಿನ ರಟ್ಟು ಹಳೆಯದು, ದಪ್ಪ, ಮಡಿಸಿದರೆ ಬಿರಿಯದು ಎಂದು ನಾನು ಕಾರ್ಡುಗಳಿಗೆಲ್ಲ ಅದನ್ನೇ ಕಿತ್ತಿದ್ದೆ. ಪ್ರತಿ ಪಟ್ಟಿಗೂ ನಂಬರ್ ಇರುತ್ತದೆ. ಜೋಡಿಸಿ ನೋಡಿದಾಗ ಆರು ಪಟ್ಟಿಗಳು ಇರಲಿಲ್ಲ. ಒಂದು ಪಟ್ಟಿ ಇಲ್ಲದಿದ್ದರೂ ಅಂಚು ಕೆಡುತ್ತದೆ. ಆ ಆರೂ ಎಲ್ಲಿವೆ ಎಂದು ಹೆಂಡತಿ ಬೆರಳು ಮಡಿಸಿ ಹೇಳಿದಳು: ಅವಳದೊಂದು, ಅವ್ವನದೊಂದು, ಅಕ್ಕನ ಮನೆ, ನರ್ಸಮ್ಮ, ಮಧುರೆ, ಹಿಂದೂಪುರ.

"ಕೊಟ್ಟಿದ್ದನ್ನ ವಾಪಸ್ ಕೇಳಕ್ಕಾಗುತ್ತಾ?" ಎಂದೆ.

"ವಾಪಸ್ ಯಾಕೆ?" ಎಂದಳು ಮಗಳು. ಅಮ್ಮನ ಕಾರ್ಡನ್ನು ಬಿಚ್ಚಿ, ಅದರ ಮೇಲೆ ತೆಳು ಹಾಳೆ ಹಾಸಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದಳು. ಚಿಕ್ಕ ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುವ ಹಾಗೆ. ತೂತುಗಳೆಲ್ಲ ಹಾಳೆಯ ಮೇಲೆ ಮೂಡಿದವು.

ಮುಂದಿನ ಭಾನುವಾರ ನಾನೂ ಹೆಂಡತಿಯೂ ಪೆನ್ಸಿಲ್ ಹಾಳೆ ಚೀಲದಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಹೊರಟೆವು. ಕಾರ್ಡು ಕೊಟ್ಟ ಮೇಲೆ ಅದು ಏನಾಗುತ್ತದೆ ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಅಕ್ಕನ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. "ಮನೆ ನೋಡಕ್ಕೆ ಬಂದೋರೆಲ್ಲ ಟೈಲ್ಸ್ ಬಿಟ್ಟು ಇದನ್ನೇ ನೋಡ್ತಾರೆ" ಎಂದು ಅಕ್ಕ ಸ್ವಲ್ಪ ಬೇಜಾರಿನಲ್ಲೇ ಹೇಳಿದಳು. ಮಧುರೆಯಲ್ಲಿ ತಂಗಿಯ ಮಗಳು ಅದನ್ನು ಪಿ.ಯು. ಪುಸ್ತಕದ ನಡುವೆ ಗುರುತಿಗೆ ಇಟ್ಟುಕೊಂಡಿದ್ದಳು. ಅವಳಪ್ಪ ಅವತ್ತೇ ಮೊದಲ ಸಲ ಅದನ್ನು ಬಿಚ್ಚಿ ಓದಿದ. ನನ್ನ ಮುಖ ನೋಡಿ, "ನಾನು ಎರಡನೇ ಸಲ ಪಾಸ್ ಆದೆ, ಅದನ್ನೂ ಬರಿ ಭಾವ" ಎಂದ. ಅಲ್ಲೇ ಕೆಳಗೆ ಬರೆದು ಕೊಟ್ಟೆ. ಆಸ್ಪತ್ರೆಯಲ್ಲಿ ಕಾರ್ಡು ನರ್ಸಮ್ಮನ ಮೇಜಿನ ಗಾಜಿನ ಕೆಳಗಿತ್ತು. ಅವರು ಗಾಜು ಎತ್ತಲು ಇಬ್ಬರನ್ನು ಕರೆಸಿದರು. ಉಜ್ಜುವುದನ್ನು ನೋಡಲು ಡ್ರೆಸ್ಸಿಂಗಿಗೆ ಬಂದ ಪೇಷೆಂಟುಗಳೂ ನಿಂತರು. ಹಿಂದೂಪುರದ ಹುಡುಗಿ ತಾನೇ ಉಜ್ಜಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಜೊತೆಗೆ ಮಗುವಿನ ಫೋಟೋ. ಹೆರಿಗೆಯಾಗಿ ಹತ್ತು ದಿನವಾಗಿತ್ತು. ಹಾಗಾಗಿ ನಮಗೆ ಇನ್ನೊಂದು ಕಾರ್ಡಿನ ಕೆಲಸ ಬಿತ್ತು.

ಪಟ್ಟಿಗೆ ತೂತು ಹೊಡೆಯುವವರು ನಮ್ಮೂರಲ್ಲಿ ಈಗ ಒಬ್ಬರೋ ಇಬ್ಬರೋ. ಅಂಥವನೊಬ್ಬನ ಹತ್ತಿರ ಹೋದೆವು. ಆತ, ಹಿಂದೂಪುರದ ಫೋಟೋದ ಪ್ರಿಂಟೂ ಸೇರಿ, ಆರು ಹಾಳೆಗಳನ್ನೂ ದೀಪಕ್ಕೆ ಹಿಡಿದು ನೋಡಿ, "ಡಿಸೈನ್ ಪೆನ್ಸಿಲಲ್ಲಿ ಬಂದಿದ್ದು ಇದೇ ಮೊದಲು" ಎಂದ. ಮರುದಿನ ಹೊಸ ಆರು ಪಟ್ಟಿ ಕೈಗೆ ಬಂದವು. ಗೆಳೆಯ ಜೋಡಿಸಿ ಮಗ್ಗಕ್ಕೇರಿಸಿದ. ಹಾಸಿನ ಗಂಟು ಹಾಕಲು ನನ್ನ ಹೆಂಡತಿ ಹೋದಳು. ಮೊದಲ ಗೇಣು ನೇಯ್ದಾಗ ಮಣಿಗಳು ಒಂದು ಕಡೆ ಚಪ್ಪಟೆಯಾಗಿ ಬಂದವು. ಹುಡುಕಿದರೆ, ನಾನು ಎರಡು ಪಟ್ಟಿಗಳ ನಂಬರ್ ಅದಲುಬದಲು ಬರೆದಿದ್ದೆ. ಸರಿಮಾಡಿ ಮತ್ತೆ ನೇಯ್ದೆವು. ಸೀರೆ ಮಾವಿನ ಚಿಗುರಿನ ಬಣ್ಣ, ಅಂಚು ಕೆಂಪು, ಅದರಲ್ಲಿ ಜರಿಯ ರುದ್ರಾಕ್ಷಿ. ಬಣ್ಣ ಅವ್ವನೇ ಹೇಳಿದ್ದು.

ಹುಟ್ಟಿದ ದಿನ ಕಳೆದು ಒಂದೂವರೆ ತಿಂಗಳಾಗಿತ್ತು. ಆದರೂ ಗೆಳೆಯನ ಹೆಂಡತಿ ಅವತ್ತೇ ಹುಟ್ಟುಹಬ್ಬ ಎಂದು ಹೋಳಿಗೆ ಮಾಡಿದಳು. ಅವ್ವ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅಂಚನ್ನು ಒಂದು ತುದಿಯಿಂದ ಸವರುತ್ತ ಹೋದರು. ಆರು ಗಜವನ್ನೂ ಬಿಡಲಿಲ್ಲ. ನಾವು ಪರೀಕ್ಷೆ ಬರೆದ ಹುಡುಗರ ಹಾಗೆ ಕಾದು ನಿಂತಿದ್ದೆವು.

"ಎಲ್ಲೂ ಮಣಿ ಬಿಟ್ಟಿಲ್ಲ" ಎಂದರು. "ಉಡಿಸ್ರೀ."

ಉಟ್ಟು ಬಂದು ಮನೆಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಬೀದಿಯ ಸೊಸೆಯಂದಿರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಕಣ್ಣುಮುಚ್ಚಿ ಸೆರಗಿನ ಅಂಚು ಮುಟ್ಟಿ ಅದು ಏನೆಂದು ಹೇಳಬೇಕು ಎಂದು ಕೇಳಿದರು. ಒಬ್ಬಳು ಮಲ್ಲಿಗೆ ಮೊಗ್ಗು ಎಂದಳು, ಒಬ್ಬಳು ಗೋಧಿ ಎಂದಳು. ಒಬ್ಬೊಬ್ಬರು ತಪ್ಪು ಹೇಳಿದಾಗಲೂ ಅವ್ವನ ಮುಖ ಅರಳುತ್ತಿತ್ತು. ಸರಿ ಉತ್ತರವನ್ನು ತಾವೇ ಹೇಳಿ, ಅದನ್ನು ನೇಯುವ ಬಗೆಯನ್ನೂ ವಿವರಿಸಿ, ಆಮೇಲೆ ಹೋಳಿಗೆ ಕೊಡಿಸುತ್ತಿದ್ದರು. ನಮ್ಮ ಸರದಿ ಬರುವಷ್ಟರಲ್ಲಿ ಹೋಳಿಗೆ ಮುಗಿಯಿತು. ಗೆಳೆಯನ ಹೆಂಡತಿ ಮತ್ತೆ ಒಲೆ ಹಚ್ಚಿದಳು. ನನ್ನ ಹೆಂಡತಿ ತಟ್ಟಲು ಕೂತಳು, ನಾನೂ ಗೆಳೆಯನೂ ಜಗುಲಿಯ ಮೇಲೆ ಕೂತು ಕಾದೆವು.