ಇನ್ನೊಂದು ರೊಟ್ಟಿ

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಅಲ್ಲಿನ ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ನಾನು ಟೀಚರ್. ಓದು ಮುಗಿಸಿ ದೊಡ್ಡವರಾದವರನ್ನು ಎಲ್ಲಾದರೂ ಕೆಲಸಕ್ಕೆ ಸೇರಿಸುವುದು, ಪಕ್ಕದಲ್ಲೇ ನಿಂತು ಕಲಿಸುವುದು, ಆಮೇಲೆ ಮೆಲ್ಲಗೆ ಹಿಂದೆ ಸರಿಯುವುದು ನನ್ನ ಪಾಲಿಗೆ ಬಂದಿತ್ತು. "ಇಂಥವರ ಕೈಲೆ ಏನಾಗ್ತೈತ್ರಿ?" ಎಂದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ.

ತಳಕಲ್ ಹಳ್ಳಿಯ ರೈತರೊಬ್ಬರ ಮಗಳನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಸೇರಿಸಿದೆ. ಕೊಪ್ಪಳದಲ್ಲೇ ಇದ್ದ ಸೋದರಮಾವನ ಮನೆಯಿಂದ ಬಂದು ಹೋಗುತ್ತಿದ್ದಳು. ಒಂದು ತಿಂಗಳು ನೋಡುತ್ತೇನೆ, ಆಮೇಲೆ ಮಾತು ಎಂದಿದ್ದರು ಖಾನಾವಳಿಯ ಒಡತಿ. ಅಪ್ಪನ ಮಾತು ಇನ್ನೂ ಗಟ್ಟಿ. "ಅವರು ಬ್ಯಾಡಂದ್ರ ಮನಿಗೆ ಕರ್ಕೊಂಡು ಹೋಗ್ತೀನ್ರಿ. ಮತ್ತ ಎಲ್ಲೂ ಕಳಸಾಂಗಿಲ್ಲ." ಅಪ್ಪನ ಮನೆಯಲ್ಲಿ ಅವಳನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು, ಆದರೆ ಒಂದು ಚೊಂಬು ನೀರು ತಾ ಎಂದು ಯಾರೂ ಕೇಳುತ್ತಿರಲಿಲ್ಲ.

ರೊಟ್ಟಿ ಬಡಿಸುವುದು ಅವಳ ಕೆಲಸ. ವಾರದೊಳಗೇ ಒಡತಿ ನನ್ನನ್ನು ಹಿಡಿದರು.

"ಟೀಚರ್ರಿ, ನಿಮ್ಮ ಹುಡುಗಿ ಮಂದೀನ ಹಸದ ಹೊಟ್ಟಿಲೆ ಎಬ್ಬಸಾಕತ್ತಾಳ ನೋಡ್ರಿ. ನಮ್ಮ ಹೆಸರು ಕೆಡತೈತಿ."

ಮೂಲೆಯಲ್ಲಿ ಕೂತು ನೋಡಿದೆ. ನಮ್ಮ ಕಡೆ ಉಣ್ಣುವವರು ಎರಡನೇ ರೊಟ್ಟಿಗೇ "ಸಾಕ್ರಿ" ಅನ್ನುತ್ತಾರೆ. ಅದು ಬರೀ ಮರ್ಯಾದೆ. ಬಡಿಸುವವರು "ಏ, ತಗೋರಿ" ಎಂದು ಇನ್ನೊಂದು ಹಾಕಲೇಬೇಕು. ಇವಳೋ, ಸಾಕು ಎಂದವರನ್ನು ನಂಬಿ, ಬುಟ್ಟಿ ಎತ್ತಿಕೊಂಡು ಮುಂದೆ ಹೋಗಿಬಿಡುತ್ತಿದ್ದಳು. ತಾಟಿನಲ್ಲಿ ಪಲ್ಯ ಉಳಿದವರು ಕಣ್ಣು ಕಣ್ಣು ಬಿಡುತ್ತಿದ್ದರು. ಸುಳ್ಳು ಹೇಳುವವರು ನಾವು, ಬೈಸಿಕೊಳ್ಳುವವಳು ಅವಳು!

"ಅವರ ಬಾಯಿ ಕೇಳಬ್ಯಾಡವಾ, ಕೈ ನೋಡು" ಅಂದೆ. "ತಾಟಿಗೆ ಕೈ ಅಡ್ಡ ಹಿಡದ್ರ ಬಿಡು. ಇಲ್ಲಂದ್ರ ಹಾಕು."

ಶಾಲೆಯಲ್ಲಿ ಖಾಲಿ ತಾಟು ಇಟ್ಟುಕೊಂಡು ನಾನೇ ಗಿರಾಕಿಯಾದೆ. ಖಾನಾವಳಿಯಲ್ಲಿ ಅವಳ ಬೆನ್ನ ಹಿಂದೆ ನಿಂತು, ಮರೆತಾಗ ಮೊಣಕೈ ಮುಟ್ಟಿದೆ. ಆಮೇಲೆ ಮುಟ್ಟುವುದು ಬಿಟ್ಟು ಬಾಗಿಲ ಬಳಿ ನಿಂತೆ. ಕಲಿಯುತ್ತಾಳೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆದರೆ ಒಡತಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ತಿಂಗಳು ತುಂಬಿದ ದಿನ ಅಪ್ಪ ಬಂದರು. ಮಗಳ ಬಟ್ಟೆ ಒಯ್ಯಲು ಖಾಲಿ ಚೀಲವನ್ನೂ ತಂದಿದ್ದರು.

"ಮೊದ್ಲು ಊಟ ಮಾಡ್ರಿ, ಆಮ್ಯಾಲ ಮಾತು" ಎಂದರು ಒಡತಿ.

ಮಗಳು ಎಲ್ಲರಿಗೂ ಬಡಿಸಿದಂತೆಯೇ ಬಡಿಸಿದಳು. ಎರಡನೇ ರೊಟ್ಟಿ ಮುಗಿಯುತ್ತಲೇ ಅವರು "ಸಾಕವಾ" ಎಂದರು. ಅವಳು ನಿಂತಳು. ಬಾಗಿ ನೋಡಿದಳು. ಅಪ್ಪನ ಎಡಗೈ ತೊಡೆಯ ಮೇಲಿನ ಚೀಲ ಹಿಡಿದಿತ್ತು. ರೊಟ್ಟಿ ಹಾಕಿದಳು.

"ಸಾಕಂದ್ನೆಲ್ಲ?"

"ಕೈ ಅಡ್ಡ ಇಲ್ಲಪ್ಪಾ."

ಅವರು ಅದನ್ನು ಮುರಿದು ಉಂಡರು. ಬೆಳಗ್ಗೆ ಏನೂ ತಿನ್ನದೆ ಬಸ್ಸು ಹತ್ತಿದ್ದರಂತೆ. ಅವಳು ಮತ್ತೊಂದು ಹಾಕಿದಳು, ಅದನ್ನೂ ಉಂಡರು. ಕೊನೆಗೆ ಚೀಲ ಬಿಟ್ಟು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಕಣ್ಣು ತುಂಬಿತ್ತು.

"ಹುಟ್ಟಿದಾಗಿಂದ ನಾನ ಈಕಿಗೆ ಉಣಿಸೀನ್ರಿ" ಎಂದರು ನನಗೆ.

ಒಳಗಿನಿಂದ ಒಡತಿಯ ದನಿ ಬಂತು: "ನಾಳಿ ಲಗೂನ ಬಾರವಾ, ಸಂತಿ ಐತಿ. ಮಂದಿ ಭಾಳ ಬರ್ತಾರ."

ಅವಳು ಆಗಲೇ ಮುಂದಿನ ಸಾಲಿಗೆ ಹೋಗಿದ್ದಳು. ಅಪ್ಪ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ತಳಕಲ್ ಬಸ್ಸಿನ ಕಡೆ ನಡೆದರು.