ಅಪ್ಪನ ವಾಚಿನ ಹಿಂದಿನ ಮುಚ್ಚಳ

ನಮ್ಮ ಊರಿನ ಹಾಲಿನ ಡೈರಿಯಲ್ಲಿ ಗಂಗಕ್ಕನ ಮುಂದೆ ಸುಳ್ಳು ಹೇಳಿ ಗೆದ್ದವರು ಇನ್ನೂ ಹುಟ್ಟಿಲ್ಲ. ಕ್ಯಾನಿನ ಹಾಲನ್ನು ಒಂದು ಸಲ ಕಲಕಿ ನೋಡಿದರೆ ಸಾಕು, ನೀರು ಬೆರೆಸಿದ್ದು ಅವಳಿಗೆ ಗೊತ್ತಾಗಿಬಿಡುತ್ತದೆ. ಡಿಗ್ರಿ ನೋಡುವ ಗಾಜಿನ ಕೊಳವೆ ಆಮೇಲೆ, ತಂದವರ ಬಾಯಿ ಮುಚ್ಚಿಸಲು ಮಾತ್ರ. ಹೋದ ಬೇಸಿಗೆಯಲ್ಲಿ ಸ್ವಂತ ಚಿಕ್ಕಮ್ಮ ಚಿಕ್ಕವೆಂಕಟಮ್ಮ ತಂದ ಹಾಲನ್ನೇ ಎಲ್ಲರೆದುರು ವಾಪಸ್ ಕಳಿಸಿದಳು.

"ಮಳೆ ನೀರು ಬಿದ್ದಿರ್ಬೇಕು ಕಣೇ ಗಂಗಾ."

"ಮಳೆ ಬಂದು ಎರಡ್ ತಿಂಗ್ಳಾಯ್ತು ಚಿಕ್ಕಮ್ಮ. ನಿನ್ ಕ್ಯಾನ್ ಅಡ್ರೆಸ್ ಹುಡುಕ್ಕೊಂಡು ಯಾವ್ ಮೋಡ ಬಂದಿತ್ತು?"

ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದೇ ನಕ್ಕಿದ್ದು. ನಾನು ಪಕ್ಕದ ಮನೆಯವಳು, ಮೌನಿಕಾ. ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದೇನೆ. ಚಿಕ್ಕಂದಿನಿಂದ ಗಂಗಕ್ಕ ಅಂದರೆ ನನಗೆ ಪ್ರಾಣ, ಅದನ್ನು ಮುಚ್ಚಿಡುವುದಿಲ್ಲ. ಗಂಗಾಲಕ್ಷ್ಮಿ ಎಂಬ ಪೂರ್ತಿ ಹೆಸರು ಡೈರಿಯ ಬೋರ್ಡಿನಲ್ಲಿ ಮಾತ್ರ ಇದೆ.

ಅಂಥ ಗಂಗಕ್ಕ ಮೂರು ವರ್ಷದಿಂದ ಒಂದೇ ಸುಳ್ಳನ್ನು ದಿನಾ ಹೇಳುತ್ತಿದ್ದಳು. ಅದೂ ಹೆತ್ತ ಅಪ್ಪನಿಗೆ.

ಅಪ್ಪ ಆವಲಪ್ಪ ಅವಳಿಗಿಂತ ಮುಂಚೆ ಅದೇ ಡೈರಿಗೆ ಸೆಕ್ರೆಟರಿ. ಮೂವತ್ತೊಂದು ವರ್ಷ. ಅವರ ಎಡಗೈಯಲ್ಲಿ ಒಂದು ಕೀ ಕೊಡುವ ಎಚ್‌ಎಂಟಿ ವಾಚಿತ್ತು. ಬೆಂಗಳೂರಿಗೆ ಹೋಗಿ ಕ್ಯೂ ನಿಂತು ತಂದದ್ದಂತೆ. ಆ ವಾಚಿನಲ್ಲಿ ಬೆಳಿಗ್ಗೆ ಏಳಾದರೆ ಇಡೀ ಊರಿಗೆ ಏಳು, ಗೇಟು ಬಂದ್. ರೇಡಿಯೋದವರು ಬೇರೆ ಟೈಮು ಹೇಳಿದರೆ ರೇಡಿಯೋದ್ದೇ ತಪ್ಪು. ವಾಚನ್ನು ಹೆಂಡತಿಯೂ ಮುಟ್ಟುವಂತಿರಲಿಲ್ಲ, ಮಗಳೂ ಮುಟ್ಟುವಂತಿರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮೂರು ವರ್ಷದ ಹಿಂದೆ ಆಪರೇಷನ್‌ಗೆ ಸೇರಿಸಿದಾಗಲೇ ತಡವಾಗಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಏನೂ ಕಾಣದ ಕಣ್ಣು ತೆಗೆದುಕೊಂಡು ಮನೆಗೆ ಬಂದರು.

ಆ ಹನ್ನೊಂದು ದಿನದಲ್ಲೇ ಎಡವಟ್ಟಾದದ್ದು. ಬಟ್ಟೆ ತರಲು ಮನೆಗೆ ಬಂದ ಗಂಗಕ್ಕ ನೋಡುತ್ತಾಳೆ, ಗೂಡಿನಲ್ಲಿಟ್ಟಿದ್ದ ವಾಚು ನಿಂತುಹೋಗಿದೆ. ಅಲ್ಲಾಡಿಸಿದಳು, ತಟ್ಟಿದಳು, ಊಹೂಂ. ಅದೇ ಹೊತ್ತಿಗೆ ಬೀದಿಯಲ್ಲಿ ಶ್ರೀನಿವಾಸಪುರದ ಕಡೆಯವನೊಬ್ಬ ಬೈಕಿಗೆ ಮೈಕು ಕಟ್ಟಿಕೊಂಡು, "ಹಳೇ ವಾಚು, ಹಳೇ ರೇಡಿಯೋ, ಕೆಟ್ಟೋಗಿರೋ ಟೇಪ್ ರೆಕಾರ್ಡರ್" ಎಂದು ಕೂಗುತ್ತಾ ಬಂದ. ಕೆಟ್ಟ ವಾಚು ಕೊಟ್ಟಳು. ಗಂಟೆಗೊಂದು ಹಕ್ಕಿ ಕೂಗುವ ಗೋಡೆ ಗಡಿಯಾರ ತೆಗೆದುಕೊಂಡಳು. ಕಣ್ಣು ಕಾಣದ ಅಪ್ಪನಿಗೆ ಕೂಗುವ ಗಡಿಯಾರವೇ ಒಳ್ಳೆಯದು ಅಂತಲೂ ಅವಳ ಲೆಕ್ಕ.

ವಾಚು ಕೆಟ್ಟಿರಲೇ ಇಲ್ಲ. ಕೀ ಕೊಟ್ಟಿರಲಿಲ್ಲ, ಅಷ್ಟೇ.

"ಅಪ್ಪ ದಿನಾ ಬೆಳಗ್ಗೆ ಅದರ ತಲೆ ತಿರುಗಿಸ್ತಿತ್ತಲ್ಲ, ಟೈಮ್ ಸರಿ ಮಾಡ್ಕೊಳ್ತೈತೆ ಅಂದ್ಕೊಂಡಿದ್ದೆ ಕಣೇ ಮೌನಿ," ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. "ನಲವತ್ತು ವರ್ಷ ಕಣ್ಮುಂದೇನೇ ನೋಡಿದೀನಿ. ಹಾಲಲ್ಲಿ ಒಂದ್ ಲೋಟ ನೀರಿದ್ರೆ ಹೇಳ್ತೀನಿ, ಇದು ತಿಳೀಲಿಲ್ವಲ್ಲ."

ಆಸ್ಪತ್ರೆಯಿಂದ ಬಂದ ಮರುದಿನವೇ ಆವಲಪ್ಪ ತಾತ ವಾಚು ಕೇಳಿದರು. ಅವಳ ಬಾಯಲ್ಲಿ ಬಂದದ್ದು, "ನಿಂತೋಗಿತ್ತಪ್ಪಾ, ರಿಪೇರಿಗೆ ಕೊಟ್ಟಿದೀನಿ." ಆಮೇಲೆ ಪಾರ್ಟು ಸಿಗಲಿಲ್ಲ, ರಿಪೇರಿಯವರು ಊರಿಗೆ ಹೋಗಿದ್ದಾರೆ, ಲಾಕ್ಡೌನ್ ಆದಮೇಲೆ ಸಾಮಾನೇ ಬರ್ತಿಲ್ಲ, ಹೀಗೆ ಮೂರು ವರ್ಷ. ಒಂದು ದಿನ ನಾನೇ ಕೇಳಿದೆ, "ತಾತಾ, ಕಣ್ಣು ಕಾಣದೇ ಇದ್ಮೇಲೆ ವಾಚ್ ಯಾಕೆ?"

"ಕಿವಿ ಐತಲ್ಲಮ್ಮ. ಕಿವಿಗಿಟ್ಕೊಂಡ್ರೆ ಹೊತ್ತು ಹೋಗ್ತೈತೆ ಅಂತ ತಿಳೀತೈತೆ. ಇಲ್ದಿದ್ರೆ ಬೆಳಗ್ಗೆನೂ ಒಂದೇ, ಸಾಯಂಕಾಲನೂ ಒಂದೇ. ಈ ಹಕ್ಕಿದು ಮೊದ್ಲು ಕತ್ತು ಹಿಸುಕು."

ಗಂಗಕ್ಕ ಒಳಗಿದ್ದಳು. ಪಾತ್ರೆ ತಿಕ್ಕುವ ಸದ್ದು ನಿಂತುಹೋಯಿತು.

ಮರುದಿನವೇ ನನ್ನ ಸ್ಕೂಟರಿನಲ್ಲಿ ಇಬ್ಬರೂ ಕೋಲಾರಕ್ಕೆ ಹೋದೆವು. ಕ್ಲಾಕ್ ಟವರ್ ಹತ್ತಿರದ ಗಲ್ಲಿಯಲ್ಲಿ ವಾಚ್ ರಿಪೇರಿ ಮುನಿಶಾಮಿ ಇದ್ದಾರೆ. ತಾತನ ವಾಚನ್ನು ಮೊದಲಿನಿಂದ ನೋಡಿಕೊಂಡವರು ಅವರೇ. ಗಂಗಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವರು ಅವಳನ್ನೇ ನೋಡಿದರು.

"ಅಬ್ಬೋ, ಎಂಥಾ ಕೆಲ್ಸ ಮಾಡ್ದೆ ತಲ್ಲೀ," ಎಂದರು. ನಮ್ಮ ಕಡೆ ಸಂಕಟ ಬಂದರೆ ತೆಲುಗೇ ಮೊದಲು ಬರುವುದು. "ನಾನು ಬಿಚ್ಚಿದ ವಾಚಿಗೆಲ್ಲ ಹಿಂದಿನ ಮುಚ್ಚಳದೊಳಗೆ ಸೂಜೀಲಿ ಗುರುತು ಗೀಚ್ತೀನಿ. ‘ಮು’ ಅಂತ, ಪಕ್ಕದಲ್ಲಿ ತಾರೀಕು. ನಿಮ್ಮಪ್ಪಂದಕ್ಕೆ ಮೂರು ಸಲ ಗೀಚಿದೀನಿ. ಅದು ಅಳಿಸೋದಿಲ್ಲ. ಭಾನುವಾರ ಕಲ್ಯಾಣ ಮಂಟಪದಲ್ಲಿ ಹಳೇ ನಾಣ್ಯ, ಸ್ಟಾಂಪು, ವಾಚ್‌ಗಳ ಮೇಳ ಐತೆ. ಹಳ್ಳೀಲಿ ಎತ್ಕೊಂಡಿದ್ದೆಲ್ಲ ಅಲ್ಲಿಗೇ ಬರೋದು. ಹೋಗಿ ನೋಡು." ಮುಚ್ಚಳ ಎಬ್ಬುವ ಒಂದು ಪುಟ್ಟ ಚಾಕುವನ್ನೂ ಕೊಟ್ಟರು. ಎಲ್ಲಿ ಸಿಕ್ಕಿಸಿ ಹೇಗೆ ತಿರುಗಿಸಬೇಕು ಅಂತ ಎರಡೆರಡು ಸಲ ತೋರಿಸಿದರು. ಒಂದು ಪೈಸೆ ಮುಟ್ಟಲಿಲ್ಲ.

ಭಾನುವಾರ ಬೆಳಗಿನ ಹಾಲು ಲಾರಿಗೆ ಹತ್ತಿಸಿ ಹೊರಟೆವು. ಸಾಯಂಕಾಲದ ಹಾಲಿನ ಹೊತ್ತಿಗೆ ವಾಪಸಾಗಬೇಕು. ಗಂಗಕ್ಕ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಮಂಟಪದಲ್ಲೂ ಹಿಂದಿನ ದಿನದ ಮದುವೆ ಇನ್ನೂ ಪೂರ್ತಿ ಮುಗಿದಿರಲಿಲ್ಲ: ಸ್ಟೇಜಿನ ಮೇಲೆ ಗಂಡುಹೆಣ್ಣಿನ ಹೆಸರಿನ ಥರ್ಮಾಕೋಲ್ ಅಕ್ಷರ ಹಾಗೇ ಇದ್ದವು, ಊಟದ ಟೇಬಲ್ಲುಗಳ ಮೇಲೆ ನಾಣ್ಯ, ಹಿತ್ತಾಳೆ ಬೀಗ, ಗೋಲಿ ಸೋಡಾ ಬಾಟಲಿ. ವಾಚಿನವರು ಹನ್ನೆರಡು ಮಂದಿ. ಒಂದೊಂದು ಟೇಬಲ್ಲಿಗೆ ನೂರಾರು ವಾಚು, ಅದರ ಸುತ್ತ ಗಂಡಸರೇ ಗಂಡಸರು. ಗಂಗಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ಇಷ್ಟೊಂದು ಅಪ್ಪಂದಿರದ್ದಾ?" ಎಂದಳು.

ಮೊದಲ ಟೇಬಲ್ಲಿನವನು ತಲೆ ಎತ್ತದೆಯೇ, "ಲೇಡೀಸ್ ವಾಚ್ ಆ ಕಡೆ ಮೇಡಂ, ಬಳೆ ಪಕ್ಕ," ಎಂದ.

"ನಂಗೆ ಗಂಡಸರ ವಾಚ್ ಬೇಕು."

"ಯಜಮಾನ್ರಿಗಾ?"

"ನಮ್ಮಪ್ಪಂಗೆ."

"ಯಾವ ಮಾಡೆಲ್ಲು?"

"ನಮ್ಮಪ್ಪಂದೇ."

ಸುತ್ತಲಿದ್ದವರು ಗೊಳ್ಳೆಂದರು. ಗಂಗಕ್ಕ ನಗಲಿಲ್ಲ. ಡೈರಿಯಲ್ಲಿ ಅವಳು ಬಾಯಿ ತೆಗೆದರೆ ಬೇರೆಯವರ ಮೇಲೆ ನಗು ಬೀಳುತ್ತಿತ್ತು. ಇಲ್ಲಿ ಅವಳ ಮೇಲೆ ಬಿತ್ತು. ಮುಚ್ಚಳ ತೆಗೆದು ತೋರಿಸಿ ಎಂದರೆ ಯಾರೂ ತೋರಿಸಲಿಲ್ಲ. ಒಬ್ಬ ಧೂಳು ಹೋಗತ್ತೆ ಅಂದ, ಇನ್ನೊಬ್ಬ ಮೊದಲು ತಗೊಳ್ಳಿ ಆಮೇಲೆ ತೆಗೀರಿ ಅಂದ. ಮತ್ತೊಬ್ಬ, "ಒಳಗೇನ್ ನೋಡ್ತೀರಮ್ಮ, ಚಿನ್ನ ಇರಲ್ಲ," ಅಂದ. ಮಧ್ಯಾಹ್ನ ಒಂದೂವರೆಯ ತನಕ ಬರೀ ವಾಚುಗಳ ಮುಖವನ್ನೇ ನೋಡಿದೆವು. ಮುಖ ನೋಡಿದರೆ ಎಲ್ಲವೂ ಅಪ್ಪನದ್ದರ ಹಾಗೇ ಇದ್ದವು.

ಕೊನೆಗೆ ಮಾಲೂರಿನಿಂದ ಬಂದಿದ್ದ ಭೀಮರಾಜ್ ಎಂಬಾತನ ಟೇಬಲ್ಲು. ಗಂಗಕ್ಕ ಮಾತೇ ಆಡದೆ ಸೆರಗಿನ ಗಂಟಿನಿಂದ ಮುನಿಶಾಮಿಯ ಚಾಕು ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಏನಮ್ಮ, ಚಾಕು ತೋರಿಸ್ತೀಯಾ?" ಎಂದು ಅವನು ನಕ್ಕ. ಆದರೆ ಚಾಕುವನ್ನು ಗುರುತು ಹಿಡಿದ. "ಯಾರ್ ಕೊಟ್ರು?"

ಅವಳು ಹೇಳಿದಳು. ಎಲ್ಲವನ್ನೂ ಹೇಳಿದಳು, ಹಕ್ಕಿ ಗಡಿಯಾರದ ತನಕ. ಭೀಮರಾಜ್ ನಗುವುದು ನಿಲ್ಲಿಸಿ ಒಂದು ಸ್ಟೂಲು ಎಳೆದು ಕೊಟ್ಟ. "ಕೂತ್ಕೊಳ್ಳಕ್ಕಾ. ಶ್ರೀನಿವಾಸಪುರದ ಕಡೆಯವ್ರು ತಂದಿದ್ದು ಈ ಟ್ರೇ. ತಗೀರಿ, ಸ್ಕ್ರಾಚ್ ಮಾಡ್ಬೇಡಿ."

ಅವಳು ಒಂದೊಂದೇ ತೆಗೆಯತೊಡಗಿದಳು. ಯಾರ್ಯಾರದೋ ಗುರುತುಗಳು, ಇಂಗ್ಲಿಷಿನಲ್ಲಿ, ಉರ್ದುವಿನಲ್ಲಿ, ಒಂದರಲ್ಲಿ ಬರೀ ನಕ್ಷತ್ರ. ಹದಿನಾಲ್ಕನೆಯದರಲ್ಲಿ ಅವಳ ಕೈ ನಿಂತಿತು. ಸೂಜಿಯಲ್ಲಿ ಗೀಚಿದ ‘ಮು’. ಒಂದರ ಕೆಳಗೊಂದು ಮೂರು ತಾರೀಕು. ಮುಚ್ಚಳವನ್ನು ತಿರುಗಿಸಿದಳು. ಹೊರಗೆ ಅಂಚಿನಲ್ಲಿ, ಹಾಲಿನ ಕ್ಯಾನ್ ಬಡಿದು ಬಿದ್ದಿದ್ದ ಸಣ್ಣ ತಗ್ಗು. ಚಿಕ್ಕವಳಿದ್ದಾಗ ಅಪ್ಪನ ಕೈಗೆ ಕ್ಯಾನ್ ತಗುಲಿಸಿದವಳು ಅವಳೇ.

"ಸಿಕ್ತು ಕಣೇ ಮೌನಿ!" ಎಂದು ನನ್ನ ತೋಳು ಹಿಂಡಿದಳು. ವಾಚನ್ನು ಮುಂದಕ್ಕೆ ತಿರುಗಿಸಿ ನೋಡಿದೆವು. ಮುಖ ಗಿಣಿ ಹಸಿರು, ಫಳಫಳ ಹೊಳೆಯುತ್ತಿದೆ. ಅಪ್ಪನದ್ದು ಬಿಳಿ.

"ಬಣ್ಣ ಬದಲಾಯಿಸಿದಾರಾ?"

ಭೀಮರಾಜ್ ಕೆನ್ನೆ ಕೆರೆದುಕೊಂಡ. "ಅಕ್ಕಾ, ನಿಮ್ಗೆ ಸುಳ್ಳು ಹೇಳಲ್ಲ. ಇವೆಲ್ಲ ಮೂಟೇಲಿ ಬರ್ತವೆ. ಬಿಚ್ಚಿ ರಾಶಿ ಹಾಕ್ತಾರೆ. ಮೂರು ಸೇರಿಸಿ ಒಂದು ಮಾಡ್ತಾರೆ. ಮುಖ ಹೊಸ್ದು, ಮಿಷಿನ್ ಒಬ್ರುದು, ಮುಚ್ಚಳ ಇನ್ನೊಬ್ರುದು. ನಿಮ್ಮಪ್ಪಂದು ಇದ್ರಲ್ಲಿ ಮುಚ್ಚಳ ಒಂದೇ."

"ಮಿಕ್ಕಿದ್ದು?"

ಅವನು ಕೈ ಬೀಸಿ ಇಡೀ ಮಂಟಪ ತೋರಿಸಿದ. "ಇಲ್ಲೂ ಇರ್ಬೋದು. ಬೊಂಬಾಯಲ್ಲೂ ಇರ್ಬೋದು."

ಗಂಗಕ್ಕ ಸುತ್ತ ನೋಡಿದಳು. ಹನ್ನೆರಡು ಟೇಬಲ್ಲು. ಅಷ್ಟೂ ವಾಚುಗಳು ಒಟ್ಟಿಗೆ ಟಿಕ್ ಟಿಕ್ ಅನ್ನುತ್ತಿದ್ದವು. ಅವುಗಳಲ್ಲಿ ಯಾವುದರೊಳಗೆ ಅವಳಪ್ಪನ ಸದ್ದಿದೆ ಅಂತ ಹೇಗೆ ಹುಡುಕುವುದು? ಮಿಷಿನ್ ಮೇಲೆ ಯಾರೂ ಗುರುತು ಗೀಚಿರಲಿಲ್ಲ.

ಭೀಮರಾಜನೇ ಒಂದು ಉಪಾಯ ಹೇಳಿದ. ಅದೇ ಅಳತೆಯ, ಹಳೆಯ ಬಿಳಿ ಮುಖದ ಒಂದು ವಾಚು ತೆಗೆದು, ಅದರ ಮುಚ್ಚಳ ಕಳಚಿ, ಆವಲಪ್ಪ ತಾತನ ಮುಚ್ಚಳ ಒತ್ತಿ ಕೂರಿಸಿದ. ಟಕ್ ಅಂತ ಕೂತಿತು. "ಕಣ್ ಕಾಣಲ್ಲ ಅಂತೀರಾ. ಕೈಗೆ ಇದೇ ತಿಳಿಯೋದು," ಎಂದ. ಬದನೆಕಾಯಿಗೂ ಚೌಕಾಸಿ ಮಾಡುವ ಗಂಗಕ್ಕ ಅವನು ಹೇಳಿದಷ್ಟು ಕೊಟ್ಟು ಎದ್ದಳು.

ಸ್ಕೂಟರಿನಲ್ಲಿ ಬರುವಾಗ ನಾನು, "ಮುಚ್ಚಳ ಆದ್ರೂ ಸಿಕ್ತಲ್ಲಕ್ಕಾ," ಎಂದೆ.

ಹಿಂದಿನಿಂದ ಉತ್ತರ ಬಂತು. "ಕ್ಯಾನ್ ನಮ್ದು ಕಣೇ. ಹಾಲು ಯಾರ್ದೋ."

ತಾತ ಡೈರಿ ಜಗಲಿಯ ಮೇಲೆ ಕೂತಿದ್ದರು. ಗಂಗಕ್ಕ ಅವರ ಅಂಗೈ ಬಿಡಿಸಿ ವಾಚನ್ನಿಟ್ಟಳು. "ರಿಪೇರಿ ಆಯ್ತಪ್ಪಾ." ದನಿ ಸಣ್ಣಗಿತ್ತು.

ತಾತನ ಹೆಬ್ಬೆರಳು ಸೀದಾ ಹಿಂಭಾಗಕ್ಕೆ ಹೋಯಿತು, ಅಂಚಿನ ತಗ್ಗು ಹುಡುಕಿ ಅಲ್ಲೇ ನಿಂತಿತು. ಮುಖ ಅರಳಿದ್ದು ನಾನು ಕಂಡೆ. "ಬಂದ್ಯೇನಪ್ಪಾ," ಎಂದರು, ವಾಚಿಗೆ. ಆಮೇಲೆ ಕೀ ಕೊಡತೊಡಗಿದರು, ತುಟಿಯಲ್ಲೇ ಎಣಿಸುತ್ತಾ. ಇಪ್ಪತ್ತೆರಡಕ್ಕೆ ನಿಂತುಬಿಟ್ಟಿತು. ಇನ್ನೊಂದು ಸಲ ತಿರುಗಿಸಲು ನೋಡಿದರು, ತಿರುಗಲಿಲ್ಲ. ಕಿವಿಗಿಟ್ಟುಕೊಂಡರು. ಅರಳಿದ್ದ ಮುಖ ನಿಧಾನವಾಗಿ ಮುಚ್ಚಿಕೊಂಡಿತು.

"ಬೆರಕೆ," ಎಂದರು. "ಗಂಗಾ, ಇದು ಬೆರಕೆ ಕಣಮ್ಮಾ. ನಂದು ಮೂವತ್ತು ಸುತ್ತು. ಮುಚ್ಚಳ ನಂದು, ಒಳಗಿಂದು ನಂದಲ್ಲ."



"ಆ ಮುನಿಶಾಮಿ! ನಲವತ್ತು ವರ್ಷ ನಂಬಿದ್ನಲ್ಲ ಅವ್ನನ್ನ. ಹೆಣ್ಮಗಳು ಬಂದವ್ಳೆ, ಏನ್ ತಿಳೀತದೆ ಅಂತ ಒಳಗಿಂದು ಎತ್ಕೊಂಡವ್ನೆ." ತಾತ ಕೋಲಿಗೆ ತಡಕಾಡಿ ಎದ್ದೇ ನಿಂತರು. "ನಡಿ, ಈಗ್ಲೇ ನಡಿ. ಅವನ ಅಂಗಡಿ ಮುಂದೆ ನಿಂತು ಕೇಳ್ತೀನಿ. ನಾಲ್ಕ್ ಜನಕ್ಕೆ ಗೊತ್ತಾಗ್ಲಿ ಅವನ ಬಣ್ಣ!"

ಹಾಲು ತಂದವರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ಚಿಕ್ಕವೆಂಕಟಮ್ಮನೂ ಕ್ಯಾನ್ ಹಿಡಿದು ನಿಂತಿದ್ದಳು. "ಏನಂತೆ ಬಾವಾ, ಯಾರು ಮೋಸ ಮಾಡಿದ್ದು?"

"ಮುನಿಶಾಮಿ!"

ಸೆರಗಿನ ಗಂಟಿನಲ್ಲಿ ಮುನಿಶಾಮಿಯ ಚಾಕು ಇನ್ನೂ ಹಾಗೇ ಇತ್ತು. ಗಂಗಕ್ಕ ಅದನ್ನು ಒತ್ತಿ ಹಿಡಿದುಕೊಂಡದ್ದು ನನಗೆ ಕಂಡಿತು. ನನ್ನ ಕಡೆ ನೋಡಿದಳು. ನಾನೇನು ಮಾಡಲಿ?

"ಮುನಿಶಾಮಣ್ಣಂಗೆ ಕೊಟ್ಟೇ ಇಲ್ಲಪ್ಪಾ," ಎಂದಳು. "ನೀನು ಆಸ್ಪತ್ರೇಲಿದ್ದಾಗ ನಿಂತೋಗಿತ್ತು. ಕೆಟ್ಟೋಯ್ತು ಅಂದ್ಕೊಂಡು ಬೈಕಿನೋನಿಗೆ ಹಾಕ್ಬಿಟ್ಟೆ. ಹಕ್ಕಿ ಗಡಿಯಾರ ತಗೊಂಡೆ." ಎಲ್ಲರೆದುರೇ ಹೇಳಿದಳು. ಹಾಲು ವಾಪಸ್ ಕಳಿಸುವುದೂ ಎಲ್ಲರೆದುರೇ ತಾನೇ.

ತಾತ ನಿಧಾನವಾಗಿ ಕೂತರು. ಅವರು ಕೇಳಿದ್ದು ಒಂದೇ ಮಾತು.

"ಹನ್ನೊಂದು ದಿನ ಯಾರೂ ಕೀ ಕೊಡ್ಲಿಲ್ವಾ?"

ಗಂಗಕ್ಕ ಅವರ ಕೋಲನ್ನು ತೆಗೆದು ಗೋಡೆಗೆ ಒರಗಿಸಿದಳು.

"ಹಾಲ್ ಬಂದೈತೆ, ಹೋಗು," ಎಂದರು ತಾತ.

ಮರುದಿನ ಅವಳು ಚಾಕು ವಾಪಸ್ ಕೊಟ್ಟು ಬಂದಳು. ಹಕ್ಕಿ ಗಡಿಯಾರವನ್ನು ಗೋಡೆಯಿಂದ ಇಳಿಸಿದಳು. ತಾತ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ. ಚಿಕ್ಕವೆಂಕಟಮ್ಮನ ಹಾಲು ಮೊನ್ನೆ ಮತ್ತೆ ನೀರಾಗಿತ್ತು. ಗಂಗಕ್ಕ ಮಾತಿಲ್ಲದೆ ಕ್ಯಾನನ್ನು ಹಿಂದಕ್ಕೆ ತಳ್ಳಿದಳು. ಬೈಗುಳಕ್ಕೆ ಕಾದು ನಿಂತ ಚಿಕ್ಕಮ್ಮ, ಅದು ಬಾರದೇ ಹೋದದ್ದಕ್ಕೆ ಮುಖ ಸಣ್ಣ ಮಾಡಿಕೊಂಡು ಹೋದಳು.

ತಾತ ಈಗ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಆ ವಾಚಿಗೆ ಕೀ ಕೊಡುತ್ತಾರೆ. ಇಪ್ಪತ್ತೆರಡಕ್ಕೆ ನಿಲ್ಲುತ್ತದೆ. ಬೆರಳು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಕೈಗೆ ಕಟ್ಟುವುದಿಲ್ಲ, ಕಿವಿಗೂ ಇಡುವುದಿಲ್ಲ, ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಡೈರಿಯ ಕಿಟಕಿಯ ಕಡೆ ತಿರುಗಿ ಕೂಗುತ್ತಾರೆ:

"ಗಂಗಾ, ಟೈಮ್ ಎಷ್ಟಮ್ಮಾ?"

"ಆರೂ ಮುಕ್ಕಾಲಪ್ಪಾ."

ಹೇಳಿದ ಮೇಲೂ ಅವಳು ಹಾಲು ಕಲಕುವ ಕಡ್ಡಿ ಹಿಡಿದು ಒಂದು ಗಳಿಗೆ ಹಾಗೇ ನಿಲ್ಲುತ್ತಾಳೆ, ಇನ್ನೇನಾದರೂ ಕೇಳುತ್ತಾರೇನೋ ಅಂತ. ತಾತ ಏನೂ ಕೇಳುವುದಿಲ್ಲ.